ಎಷ್ಟಿದೆ ಅಂತ ಕೇಳ್ತೀರಿ, ಏನು ಮಾಡ್ತಿದೆ ಅಂತ ಕೇಳಲ್ಲ

ಮಳೆ ಹಿಡಿದರೆ ಸಾಕು, ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು, ಗಾಯವಾದಾಗ ರಕ್ತ ನಿಲ್ಲಿಸುವ ರಕ್ತಕಣವಾದ ಪ್ಲೇಟ್‌ಲೆಟ್‌ದೇ. ಲ್ಯಾಬ್ ರಿಪೋರ್ಟಿನ ಫೋಟೊ, ಅದರಲ್ಲಿ ಒಂದು ಅಂಕಿಯ ಸುತ್ತ ಪೆನ್ನಿನಲ್ಲಿ ಸುತ್ತು, ಕೆಳಗೆ ‘ಇಷ್ಟು ಸಾಕಾ ಮೇಡಂ?’ ಎಂಬ ಪ್ರಶ್ನೆ. ನಾನು 34 ವರ್ಷ ಮೈಕ್ರೋಸ್ಕೋಪಿನ ಮುಂದೆ ಕೂತು ರಕ್ತ ನೋಡಿದವಳು. ಅಂಕಿ ಬೇಡ ಅನ್ನುವುದಿಲ್ಲ. ಆದರೆ ಮದುವೆ ಮನೆಯಲ್ಲಿ ಎಷ್ಟು ಜನ ಸೇರಿದ್ದಾರೆ ಎಂದು ಎಣಿಸಿದರೆ, ಬಡಿಸುವವರು ಎಷ್ಟು ಮಂದಿ ಅಂತ ಗೊತ್ತಾಗುತ್ತದೆಯೇ? ಪ್ಲೇಟ್‌ಲೆಟ್‌ದೂ ಹಾಗೇ. ಸುಮ್ನೆ ಹರಿಯುತ್ತಿರುವಾಗ ಅದೊಂದು ಪುಟಾಣಿ ತಟ್ಟೆ. ಎಚ್ಚರವಾದರೆ ಬೇರೆಯದೇ ವಸ್ತು. ಆ ಎಚ್ಚರವಾಗುವುದನ್ನೇ ನಾವು ಆಕ್ಟಿವೇಶನ್ ಅನ್ನುತ್ತೇವೆ. ಈ ಸಲ ಅದಕ್ಕೆ ಸಂಬಂಧಪಟ್ಟ ಪತ್ರಗಳನ್ನೇ ಆರಿಸಿಕೊಂಡಿದ್ದೇನೆ. ಕನ್ನಡದಲ್ಲಿ ಕಿರುಬಿಲ್ಲೆ ಎಂದು ಬರೆಯುವವರಿದ್ದಾರೆ. ಚಂದದ ಪದ. ಆದರೆ ನಿಮ್ಮ ಪತ್ರಗಳಲ್ಲೆಲ್ಲ ಪ್ಲೇಟ್‌ಲೆಟ್ ಎಂದೇ ಇರುವುದರಿಂದ ನಾನೂ ಹಾಗೇ ಬರೆಯುತ್ತೇನೆ.

ಪ್ರಶ್ನೆ: ನನ್ನ ಮಗನಿಗೆ (19) ಡೆಂಗಿ ಬಂದಿತ್ತು. ಐದನೇ ದಿನ ಜ್ವರ ಬಿಟ್ಟಿತು, ಆದರೆ ಪ್ಲೇಟ್‌ಲೆಟ್ 38,000ಕ್ಕೆ ಇಳಿಯಿತು. ಎಷ್ಟು ಬೇಡಿಕೊಂಡರೂ ಡಾಕ್ಟರು ಪ್ಲೇಟ್‌ಲೆಟ್ ಹಾಕಲಿಲ್ಲ, ಬರೀ ಗ್ಲೂಕೋಸ್ ಏರಿಸುತ್ತಾ ಕೂತರು. ಕೊನೆಗೆ ನಾವೇ ಪರಂಗಿ ಎಲೆ ರಸ ಕುಡಿಸಿ ಕೌಂಟ್ ಏರಿಸಿಕೊಂಡೆವು. ಆಸ್ಪತ್ರೆಯವರು ಮಾಡಿದ್ದು ತಪ್ಪಲ್ಲವೇ? (ಒಬ್ಬ ತಾಯಿ, ತಿಪಟೂರು)

ಉತ್ತರ: ಮಗ ಹುಷಾರಾದನಲ್ಲ, ಮೊದಲು ಆ ಸಂತೋಷ. ನಿಮಗೆ ಬೇಸರವಾಗಬಹುದು, ಆದರೂ ಹೇಳುತ್ತೇನೆ. ಆ ಡಾಕ್ಟರು ಸರಿಯಾದದ್ದನ್ನೇ ಮಾಡಿದ್ದಾರೆ.

ಡೆಂಗಿಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಪ್ಲೇಟ್‌ಲೆಟ್ ಕಮ್ಮಿಯಾಗುವುದಲ್ಲ. ಸಣ್ಣ ರಕ್ತನಾಳಗಳು ಸೋರಲು ಶುರುವಾಗಿ, ರಕ್ತದ ನೀರಿನಂಶ ಹೊರಗೆ ಜಾರಿಹೋಗುತ್ತದೆ. ಅದೂ ಜ್ವರ ಬಿಟ್ಟ ಮೇಲಿನ 24ರಿಂದ 48 ಗಂಟೆಯಲ್ಲಿ, ಮನೆಯವರೆಲ್ಲ ‘ಅಬ್ಬಾ, ಜ್ವರ ಇಳೀತು’ ಅಂತ ನಿಟ್ಟುಸಿರು ಬಿಡುವ ಹೊತ್ತಿಗೆ ಸರಿಯಾಗಿ. ನಿಮ್ಮ ಕಣ್ಣಿಗೆ ‘ಬರೀ ಗ್ಲೂಕೋಸ್’ ಆಗಿ ಕಂಡಿದ್ದು ಸಾಮಾನ್ಯವಾಗಿ ಸಲೈನ್. ಸೋರಿಹೋದ ನೀರನ್ನು ಅಳತೆಯಿಂದ ತುಂಬುವ ಕೆಲಸ ಅದು. ಹೆಚ್ಚಾದರೂ ಕಷ್ಟ, ಕಮ್ಮಿಯಾದರೂ ಕಷ್ಟ. ಅದೇ ರಿಪೋರ್ಟಿನಲ್ಲಿ ಪಿಸಿವಿ ಎಂಬ ಇನ್ನೊಂದು ಅಂಕಿ ಇರುತ್ತದೆ, ನೋಡಿ. ರಕ್ತ ಎಷ್ಟು ಗಟ್ಟಿಯಾಗುತ್ತಿದೆ ಎಂದು ಹೇಳುವುದು ಅದು. ಡಾಕ್ಟರ ಕಣ್ಣು ಅದರ ಮೇಲಿತ್ತು, ನಿಮ್ಮ ಕಣ್ಣು ಪ್ಲೇಟ್‌ಲೆಟ್ ಮೇಲಿತ್ತು.

ಹಾಗಾದರೆ ಪ್ಲೇಟ್‌ಲೆಟ್ ಯಾಕೆ ಇಳಿಯಿತು? ಮೂಳೆಯೊಳಗಿನ ಮಜ್ಜೆ ಕೆಲವು ದಿನ ಉತ್ಪಾದನೆ ನಿಧಾನ ಮಾಡುತ್ತದೆ. ಅದರ ಜೊತೆಗೆ ವೈರಸ್ ಪ್ಲೇಟ್‌ಲೆಟ್‌ಗಳಿಗೇ ಅಂಟಿಕೊಂಡು, ಎಲ್ಲೂ ಗಾಯವಿಲ್ಲದಿದ್ದರೂ ಅವನ್ನು ಎಚ್ಚರಿಸಿಬಿಡುತ್ತದೆ. ಹೀಗೆ ಹೊತ್ತಲ್ಲದ ಹೊತ್ತಿನಲ್ಲಿ ಎದ್ದವು ಬಿಳಿ ರಕ್ತಕಣಗಳಿಗೆ ಅಂಟುತ್ತವೆ. ಆಮೇಲೆ ಗುಲ್ಮ, ಯಕೃತ್ತು ಅವನ್ನು ಹಿಡಿದು ತೆಗೆದುಹಾಕುತ್ತವೆ. ಹೊರಗಿನಿಂದ ಚೀಲಗಟ್ಟಲೆ ಹಾಕಿದರೂ ಅವಕ್ಕೂ ಅದೇ ಗತಿ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ ಇದನ್ನು ಪರೀಕ್ಷಿಸಿಯೇ ನೋಡಿದರು. ಕೌಂಟ್ 20,000 ಅಥವಾ ಅದಕ್ಕಿಂತ ಕೆಳಗಿದ್ದು, ರಕ್ತಸ್ರಾವ ಇಲ್ಲದ 372 ಡೆಂಗಿ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಪ್ಲೇಟ್‌ಲೆಟ್ ಹಾಕಿದರು. 2017ರಲ್ಲಿ ಬಂದ ಫಲಿತಾಂಶದ ಪ್ರಕಾರ, ಹಾಕಿಸಿಕೊಂಡವರಿಗೆ ರಕ್ತಸ್ರಾವ ಕಮ್ಮಿಯೇನೂ ಆಗಲಿಲ್ಲ, ತೊಂದರೆಗಳು ಮಾತ್ರ ಜಾಸ್ತಿ ಆದವು. ಅದಕ್ಕೇ ರಕ್ತ ಹೋಗುತ್ತಿದ್ದರೆ, ಇಲ್ಲವೇ ಕೌಂಟ್ 10,000ಕ್ಕಿಂತ ಕೆಳಗೆ ಬಂದರೆ ಮಾತ್ರ ಹಾಕುವುದು ಈಗಿನ ರೂಢಿ.

ಇನ್ನು ಪರಂಗಿ ಎಲೆ. ಕೌಂಟ್ ಒಂದಿಷ್ಟು ಬೇಗ ಏರುತ್ತದೆ ಎಂದು ತೋರಿಸಿದ ಸಣ್ಣ ಅಧ್ಯಯನಗಳು ಇವೆ. ಅದರಿಂದ ಜೀವ ಉಳಿಯಿತು ಎಂದು ತೋರಿಸಿದವು ಇಲ್ಲ. ಆರು, ಏಳನೇ ದಿನಕ್ಕೆ ಕೌಂಟ್ ತಾನಾಗಿ ಏರುತ್ತದೆ. ನಾವು ರಸ ಕುಡಿಸಲು ನೆನಪಿಸಿಕೊಳ್ಳುವುದೂ ಅದೇ ಹೊತ್ತಿಗೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ. ಆ ಕಹಿಗೆ ಹುಡುಗ ನಾಲ್ಕು ಸಲ ವಾಂತಿ ಮಾಡಿಕೊಂಡರೆ ಮೈಯಲ್ಲಿ ಇರುವ ನೀರೂ ಹೋಗುತ್ತದೆ. ಇನ್ನು ಮುಂದೆ ಮನೆಯಲ್ಲಿ ಯಾರಿಗೇ ಡೆಂಗಿ ಬಂದರೂ ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ಕೈಕಾಲು ತಣ್ಣಗಾಗುವುದು, ಮೂತ್ರ ಕಮ್ಮಿಯಾಗುವುದು, ಮಂಪರು, ವಸಡಿನಲ್ಲಿ ರಕ್ತ, ಇವನ್ನು ನೋಡುತ್ತಿರಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಬ್ರೂಫೆನ್, ಡೈಕ್ಲೋಫೆನಾಕ್ ಬೇಡವೇ ಬೇಡ.

ಪ್ರಶ್ನೆ: ಬೆನ್ನುನೋವಿಗೆ ಅಂತ ಹೋದಾಗ ಮಾಡಿದ ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 42,000 ಬಂತು. ಇನ್ನೊಂದು ಲ್ಯಾಬಿನಲ್ಲಿ 61,000. ಮೂರನೆಯದರಲ್ಲಿ 1.9 ಲಕ್ಷ! ಯಾವುದನ್ನು ನಂಬಲಿ? ನನಗೆ ಎಲ್ಲೂ ರಕ್ತ ಬರುತ್ತಿಲ್ಲ, ಚೆನ್ನಾಗಿಯೇ ಇದ್ದೇನೆ. (ಓದುಗರು, ದಾವಣಗೆರೆ)

ಉತ್ತರ: ಬಹುಶಃ ಮೂರನೆಯದನ್ನು. ಮೊದಲ ಎರಡು ಕಡೆ ಮಷೀನ್ ಮೋಸಹೋಗಿರಬೇಕು.

ನೇರಳೆ ಮುಚ್ಚಳದ ಸಣ್ಣ ಟ್ಯೂಬಿಗೆ ರಕ್ತ ತೆಗೆಯುತ್ತಾರಲ್ಲ, ಅದರೊಳಗೆ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ರಕ್ತ ಹೆಪ್ಪುಗಟ್ಟದಿರಲಿ ಅಂತ. ಕೆಲವರ ರಕ್ತದಲ್ಲಿ ಮಾತ್ರ ಈ ಇಡಿಟಿಎ ಸೇರಿದ ಕೂಡಲೇ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ. ಮಷೀನಿಗೆ ಗಂಟು ಎಣಿಸಲು ಬರುವುದಿಲ್ಲ. ಇದು ಟ್ಯೂಬಿನ ಒಳಗಿನ ಕತೆ, ಮೈಯೊಳಗಿನದ್ದಲ್ಲ. ಕಾಯಿಲೆಯೂ ಅಲ್ಲ.

ಇದರಲ್ಲಿ ನಾನೇ ಒಮ್ಮೆ ಮುಗ್ಗರಿಸಿದ್ದೇನೆ. ಕೆಲಸಕ್ಕೆ ಸೇರಿ ಎರಡನೇ ವರ್ಷ. ಹರ್ನಿಯಾ ಆಪರೇಷನ್ನಿಗೆ ಬಂದಿದ್ದ ರೈತರೊಬ್ಬರಿಗೆ ಮಷೀನ್ 24,000 ಎಂದಿತು, ನಾನು ಸಹಿ ಹಾಕಿಬಿಟ್ಟೆ. ಆಪರೇಷನ್ ರದ್ದಾಯಿತು. ದೊಡ್ಡ ಆಸ್ಪತ್ರೆಗೆ ಹೋಗಲು ಅವರ ಹೆಂಡತಿ ಬಳೆ ಅಡವಿಡಲು ಹೊರಟಿದ್ದಾರೆಂದು ಸಂಜೆ ಗೊತ್ತಾಯಿತು. ನಮ್ಮ ಹಿರಿಯ ಟೆಕ್ನಿಶಿಯನ್ ಒಬ್ಬರು ಮೆತ್ತಗೆ ಬಂದು, ‘ಸ್ಲೈಡ್ ನೋಡಿದ್ರಾ ಮೇಡಂ?’ ಎಂದರು. ನೋಡಿರಲಿಲ್ಲ. ನೋಡಿದರೆ, ಗಾಜಿನ ಮೇಲೆ ರಕ್ತ ಎಳೆದ ಬಾಲದ ತುದಿಯಲ್ಲಿ ಪ್ಲೇಟ್‌ಲೆಟ್‌ಗಳು ಸರಿಯಾಗಿ ತಿರುವದ ಮುದ್ದೆಯ ಹಿಟ್ಟಿನ ಹಾಗೆ ಗಂಟುಗಂಟಾಗಿ ಕೂತಿವೆ! ಸಿಟ್ರೇಟ್ ಇರುವ ತಿಳಿನೀಲಿ ಮುಚ್ಚಳದ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು ಎಣಿಸಿದೆ. 2 ಲಕ್ಷದ ಮೇಲಿತ್ತು. ಆ ಹೆಂಗಸಿನ ಮುಂದೆ ಹೋಗಿ ನಿಂತು ‘ತಪ್ಪಾಯಿತು’ ಎಂದೆ. ಅವರು ಬಳೆ ಮತ್ತೆ ಹಾಕಿಕೊಂಡರು, ಒಂದು ಮಾತೂ ಆಡಲಿಲ್ಲ. ಅಂದಿನಿಂದ ಕಮ್ಮಿ ಕೌಂಟ್ ಬಂದಾಗ ಸ್ಲೈಡ್ ನೋಡದೆ ನಾನು ಸಹಿ ಹಾಕಿದ್ದಿಲ್ಲ. ನೀವೂ ಲ್ಯಾಬಿನವರಿಗೆ ಹೇಳಿ, ‘ಸ್ಲೈಡ್ ನೋಡಿ, ಸಿಟ್ರೇಟಿನಲ್ಲಿ ಒಮ್ಮೆ ಎಣಿಸಿ’ ಅಂತ. ಹಾಗೆಯೇ ಎಂದು ಖಚಿತವಾದರೆ ಅದನ್ನು ಒಂದು ಚೀಟಿಯಲ್ಲಿ ಬರೆಸಿ ಪರ್ಸಿನಲ್ಲಿ ಇಟ್ಟುಕೊಳ್ಳಿ. ಮುಂದೆ ಇನ್ಯಾರೋ ಗಾಬರಿಯಾಗುವುದು ತಪ್ಪುತ್ತದೆ.

ಪ್ರಶ್ನೆ: ಮಗಳಿಗೆ 13 ವರ್ಷ. ಚಿಕ್ಕಂದಿನಿಂದ ಮೂಗಿನಲ್ಲಿ ರಕ್ತ ಬರುತ್ತದೆ, ಹಾಲುಹಲ್ಲು ಬಿದ್ದಾಗಲೂ ಗಂಟೆಗಟ್ಟಲೆ ನಿಲ್ಲುತ್ತಿರಲಿಲ್ಲ. ಈಗ ದೊಡ್ಡವಳಾಗಿದ್ದಾಳೆ. ಮುಟ್ಟು 12 ದಿನವಾದರೂ ನಿಲ್ಲುವುದಿಲ್ಲ. ಹಿಮೋಗ್ಲೋಬಿನ್ 6.8. ಪ್ಲೇಟ್‌ಲೆಟ್ 2.6 ಲಕ್ಷ ಇದೆ, ಎಲ್ಲ ನಾರ್ಮಲ್ ಎನ್ನುತ್ತಾರೆ. ನಾನು ಸೋದರಮಾವನನ್ನೇ ಮದುವೆಯಾಗಿದ್ದು. ಅದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯೇ? (ವಿಜಯಪುರ ಜಿಲ್ಲೆಯ ಒಬ್ಬ ತಾಯಿ)

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ‘ಎಲ್ಲ ನಾರ್ಮಲ್’ ಎಂದವರು ತಲೆ ಎಣಿಸಿ ಬಂದಿದ್ದಾರೆ. ಬಡಿಸುವವರನ್ನು ನೋಡಿಲ್ಲ.

ನಾನು ಕಲಿಯುವಾಗ ಒಂದು ಹಳೇ ಪರೀಕ್ಷೆ ಇತ್ತು. ಅಮೆರಿಕದ ವೈದ್ಯ ವಿಲಿಯಂ ಡ್ಯೂಕ್ 1910ರಲ್ಲಿ ಹೇಳಿಕೊಟ್ಟದ್ದು. ಕಿವಿಯ ಹಾಲೆಗೆ ಸಣ್ಣಗೆ ಚುಚ್ಚಿ, ಅರ್ಧ ನಿಮಿಷಕ್ಕೊಮ್ಮೆ ಫಿಲ್ಟರ್ ಕಾಗದದ ಅಂಚನ್ನು ರಕ್ತಕ್ಕೆ ತಾಗಿಸುವುದು. ಮೊದಲ ಚುಕ್ಕೆ ಕುಂಕುಮದ ಬೊಟ್ಟಿನಷ್ಟು ದಪ್ಪ. ಮುಂದಿನದು ಸಣ್ಣದು, ಅದರ ಮುಂದಿನದು ಇನ್ನೂ ಸಣ್ಣದು. ಆರೇಳು ಚುಕ್ಕೆಯ ಹೊತ್ತಿಗೆ ಕಾಗದ ಬೆಳ್ಳಗೇ ಉಳಿಯುತ್ತದೆ. ಆ ಮೂರ್ನಾಲ್ಕು ನಿಮಿಷ ನೀವು ಕಣ್ಣಾರೆ ಕಾಣುವುದು ಪ್ಲೇಟ್‌ಲೆಟ್ ಎಚ್ಚರವಾಗಿ ತೂತು ಮುಚ್ಚುವ ಕೆಲಸವನ್ನೇ. ಕೆಲವು ಮಕ್ಕಳಲ್ಲಿ ಮಾತ್ರ ಹತ್ತು, ಹದಿನೈದು, ಇಪ್ಪತ್ತನೇ ಚುಕ್ಕೆಯೂ ಅಷ್ಟೇ ದಪ್ಪ. ಆ ಕಾಗದ ಹಿಡಿದ ಕೈ ನಡುಗಿದ್ದು ನನಗೆ ಈಗಲೂ ನೆನಪಿದೆ.

ಒಳಗೆ ಆಗುವುದು ಹೀಗೆ. ರಕ್ತನಾಳದ ಒಳಮೈಗೆ ನುಣುಪಾದ ಹೊದಿಕೆ ಇದೆ. ಗಾಯವಾದರೆ ಅದು ಹರಿದು, ಅಡಿಯಲ್ಲಿರುವ ಕೊಲಾಜನ್ ಎಂಬ ನಾರು ಹೊರಗೆ ಕಾಣುತ್ತದೆ. ರಕ್ತದಲ್ಲಿರುವ ವಾನ್ ವಿಲ್ಲೆಬ್ರಾಂಡ್ ಅಂಶ ಆ ನಾರಿನ ಮೇಲೆ ಕೂರುತ್ತದೆ. ಹರಿದು ಹೋಗುತ್ತಿರುವ ಪ್ಲೇಟ್‌ಲೆಟ್ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಕೆಲವೇ ಸೆಕೆಂಡಿನಲ್ಲಿ ತಟ್ಟೆಯ ಆಕಾರ ಹೋಗಿ, ಉಂಡೆಯಾಗಿ, ಮೈತುಂಬ ಮುಳ್ಳು ಎಬ್ಬಿಸುತ್ತದೆ. ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಎಡಿಪಿ, ಸೆರೊಟೋನಿನ್ ಎಂಬ ರಾಸಾಯನಿಕಗಳನ್ನು ಹೊರಗೆ ಚೆಲ್ಲುತ್ತದೆ. ಥ್ರಾಂಬಾಕ್ಸೇನ್ ಎಂಬುದನ್ನು ಆಗಿಂದಾಗಲೇ ತಯಾರಿಸುತ್ತದೆ. ಅಕ್ಕಪಕ್ಕದವು ಏಳುವುದು ಇವುಗಳಿಂದಲೇ. ಎದ್ದ ಮೇಲೆ ಪ್ಲೇಟ್‌ಲೆಟ್ ಮೈಮೇಲಿನ ಒಂದು ಕೊಂಡಿ ಬಾಯ್ತೆರೆಯುತ್ತದೆ. ಜಿಪಿ ಟೂಬಿ-ತ್ರೀಎ ಎಂಬುದು ಅದರ ಉದ್ದ ಹೆಸರು. ಒಂದೊಂದರ ಮೇಲೂ ಸುಮಾರು 80,000 ಕೊಂಡಿಗಳು. ಫೈಬ್ರಿನೋಜನ್ ಎಂಬ ದಾರ ಈ ಕೊಂಡಿಯಿಂದ ಆ ಕೊಂಡಿಗೆ ಬಿಗಿದು ಗಂಟು ಹಾಕುತ್ತದೆ.

ಕೊಂಡಿಯೇ ಇಲ್ಲದೆ ಹುಟ್ಟುವ ಮಕ್ಕಳಿದ್ದಾರೆ. 1918ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಎಡುವಾರ್ಡ್ ಗ್ಲಾಂಜ್ಮನ್ ಇದನ್ನು ವಿವರಿಸಿದ್ದರಿಂದ ಅವರ ಹೆಸರೇ ಕಾಯಿಲೆಗೂ ಬಂತು. ಎಣಿಸಿದರೆ ಪ್ಲೇಟ್‌ಲೆಟ್ ಸರಿಯಾಗಿಯೇ ಇರುತ್ತದೆ, ಹೆಣೆದುಕೊಳ್ಳಲು ಬರುವುದಿಲ್ಲ. ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಕಾಯಿಲೆ. ಸೋದರಸಂಬಂಧದಲ್ಲಿ ಇಬ್ಬರೂ ಒಂದೇ ಮನೆಯ ಜೀನ್ ಹೊತ್ತಿರುವ ಸಾಧ್ಯತೆ ಜಾಸ್ತಿ. ಹಾಗೆ ಇಬ್ಬರೂ ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು. ನೀವು ಕೇಳಿದ್ದಕ್ಕೆ ಉತ್ತರ ಇದು. ಆದರೆ ಇದನ್ನು ಹಿಡಿದು ಮನೆಯಲ್ಲಿ ಯಾರೂ ನಿಮ್ಮನ್ನು ಅನ್ನುವಂತಿಲ್ಲ. ಆ ಮದುವೆಯನ್ನು ನಿಶ್ಚಯ ಮಾಡಿದ್ದು ಹಿರಿಯರು ತಾನೇ?

ಇದೇ ಕಾಯಿಲೆ ಎಂದು ನಾನು ಹೇಳುತ್ತಿಲ್ಲ. ಮೇಲೆ ಹೇಳಿದ ವಾನ್ ವಿಲ್ಲೆಬ್ರಾಂಡ್ ಅಂಶ ಕಮ್ಮಿಯಿದ್ದರೂ ಹೀಗೇ ಆಗುತ್ತದೆ, ಅದು ಇದಕ್ಕಿಂತ ಸಾಮಾನ್ಯ. ಫಿನ್ಲೆಂಡಿನ ವೈದ್ಯರೊಬ್ಬರು 1926ರಲ್ಲಿ ಗುರುತಿಸಿದ ಕಾಯಿಲೆ. ಎರಡಕ್ಕೂ ಪರೀಕ್ಷೆ ಆಗಬೇಕು. ಬೆಂಗಳೂರು, ವೆಲ್ಲೂರಿನ ದೊಡ್ಡ ಆಸ್ಪತ್ರೆಗಳಲ್ಲಿ ರಕ್ತರೋಗದ ವಿಭಾಗ ಇದೆ, ಅಲ್ಲಿಗೆ ಕರೆದುಕೊಂಡು ಹೋಗಿ. ಅಲ್ಲಿ ಅಗ್ರಿಗೋಮೀಟರ್ ಎಂಬ ಯಂತ್ರ ಇರುತ್ತದೆ. ಪ್ಲೇಟ್‌ಲೆಟ್ ತುಂಬಿದ ರಕ್ತದ ತಿಳಿ ಮಸುಕಾಗಿ, ಅಕ್ಕಿ ತೊಳೆದ ನೀರಿನ ಹಾಗಿರುತ್ತದೆ. ಅದಕ್ಕೆ ಎಡಿಪಿ ಹಾಕಿದರೆ ಪ್ಲೇಟ್‌ಲೆಟ್ ಗಂಟು ಕಟ್ಟಿ, ನೀರು ತಿಳಿಯಾಗಿ, ಬೆಳಕು ಹಾಯುತ್ತದೆ. ಗ್ಲಾಂಜ್ಮನ್ ಇದ್ದರೆ ಎಷ್ಟು ಹೊತ್ತಾದರೂ ಮಸುಕು ಮಸುಕೇ. 1962ರಲ್ಲಿ ಈ ವಿಧಾನ ಕೊಟ್ಟವರು ಗುಸ್ತಾವ್ ಬಾರ್ನ್. ಅವರ ತಂದೆ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ ಕರೆದರೆಂದು 1935-36ರಲ್ಲಿ ಕೆಲವು ತಿಂಗಳು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಇದ್ದವರು. (ಇದು ನಿಮಗೆ ಬೇಡದ ವಿಷಯ. ನನಗೆ ಹೇಳದೆ ಇರಲಾಗಲಿಲ್ಲ.)

ದೊಡ್ಡ ಊರಿಗೆ ಹೋಗುವ ತನಕ ಮೂರು ಕೆಲಸ. ಮುಟ್ಟಿನ ಹೊಟ್ಟೆನೋವಿಗೆ ಅಂಗಡಿಯಿಂದ ತರುವ ನೋವಿನ ಮಾತ್ರೆ ನಿಲ್ಲಿಸಿ. ಅವುಗಳಲ್ಲಿ ಹೆಚ್ಚಿನವು ಪ್ಲೇಟ್‌ಲೆಟ್‌ಗೆ ಇರುವ ಶಕ್ತಿಯನ್ನೂ ಕಿತ್ತುಕೊಳ್ಳುತ್ತವೆ. ಪ್ಯಾರಾಸಿಟಮಾಲ್ ಕೊಡಿ. ರಕ್ತಸ್ರಾವ ಹಿಡಿಯಲು ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಮಾತ್ರೆ ಇದೆ. ಅದನ್ನೂ, ಮುಟ್ಟು ಹತೋಟಿಗೆ ತರುವ ಹಾರ್ಮೋನ್ ಮಾತ್ರೆಯನ್ನೂ ಹೆರಿಗೆ ಡಾಕ್ಟರ ಹತ್ತಿರ ಕೇಳಿ. 6.8 ಅಂದರೆ ತೀರಾ ಕಮ್ಮಿ. ಕಬ್ಬಿಣದಂಶ ಮಾತ್ರೆಯಲ್ಲೋ, ಡ್ರಿಪ್ಪಿನಲ್ಲೋ ಈಗಲೇ ಶುರುವಾಗಬೇಕು. ಈ ಕಾಯಿಲೆ ಇಟ್ಟುಕೊಂಡೇ ಓದಿ, ಕೆಲಸಕ್ಕೆ ಸೇರಿ, ಎಚ್ಚರಿಕೆಯಿಂದ ಹೆರಿಗೆಯನ್ನೂ ಮಾಡಿಸಿಕೊಂಡವರಿದ್ದಾರೆ. ಪರೀಕ್ಷೆ ಆದ ಮೇಲೆ ನನಗೆ ಮತ್ತೆ ಬರೆಯಿರಿ.

ಪ್ರಶ್ನೆ: ನನಗೆ 67. ಐದು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ಇಕೋಸ್ಪ್ರಿನ್ 75 ಮತ್ತು ಕ್ಲೋಪಿಡೋಗ್ರೆಲ್ ತಗೋತಿದ್ದೇನೆ. ಈಗ ಹಲ್ಲು ಕೀಳಿಸಬೇಕು. ರಕ್ತ ನೀರು ಮಾಡುವ ಮಾತ್ರೆ ಒಂದು ವಾರ ಬಿಡಿ ಎನ್ನುತ್ತಾರೆ ಪಕ್ಕದ ಮನೆಯವರು. ಇನ್ನೊಂದು, ನನ್ನ ಹೆಂಡತಿಗೂ 70 ಆಯಿತು, ಆರೋಗ್ಯವಾಗಿದ್ದಾಳೆ. ಅವಳಿಗೂ ಇಕೋಸ್ಪ್ರಿನ್ ಶುರು ಮಾಡಲೇ? (ನಿವೃತ್ತ ಮೇಷ್ಟ್ರು, ಮೈಸೂರು)

ಉತ್ತರ: ಮೇಷ್ಟ್ರೇ, ಬಿಡಬೇಡಿ. ಶುರು ಮಾಡಬೇಡಿ. ಕಾರಣ ಕೇಳುವವರು ನೀವು, ಹಾಗಾಗಿ ಬರೆಯುತ್ತೇನೆ.

ಮೊದಲಿಗೆ, ಆ ಮಾತ್ರೆಯಿಂದ ರಕ್ತ ನೀರಾಗುವುದಿಲ್ಲ, ಮೊದಲಿನಷ್ಟೇ ಗಟ್ಟಿಯಿರುತ್ತದೆ. ಪ್ಲೇಟ್‌ಲೆಟ್ ಸುಲಭಕ್ಕೆ ಏಳುವುದಿಲ್ಲ, ಅಷ್ಟೇ. ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದರೂ, ಹೃದಯದ ನಾಳದೊಳಗೆ ಕೊಬ್ಬಿನ ಗಂಟು ಒಡೆದರೂ ಪ್ಲೇಟ್‌ಲೆಟ್‌ಗೆ ಎರಡೂ ಒಂದೇ. ನಾರು ಕಂಡಿತಾ, ಮುಚ್ಚು. ಬೆರಳಲ್ಲಿ ಅದು ಉಪಕಾರ. ಮೂರು ಮಿಲಿಮೀಟರ್ ಅಗಲದ ನಾಳದಲ್ಲಿ ಅದೇ ಹಾರ್ಟ್ ಅಟ್ಯಾಕ್. ಹೊಸ ಸ್ಟೆಂಟ್ ಕೂಡ ಅದರ ಕಣ್ಣಿಗೆ ಪರಕೀಯ ಲೋಹವೇ. ಅದರ ಮೇಲೆ ನುಣುಪು ಹೊದಿಕೆ ಬೆಳೆಯಲು ತಿಂಗಳುಗಳು ಬೇಕು. ಆ ತನಕ ಎರಡು ಬಾಗಿಲಿಗೆ ಎರಡು ಬೀಗ. ಆಸ್ಪಿರಿನ್ (ನಿಮ್ಮ ಇಕೋಸ್ಪ್ರಿನ್ ಅದೇ) ಥ್ರಾಂಬಾಕ್ಸೇನ್ ತಯಾರಾಗುವುದನ್ನೇ ನಿಲ್ಲಿಸುತ್ತದೆ. ಕ್ಲೋಪಿಡೋಗ್ರೆಲ್, ಎಡಿಪಿ ಬಂದು ಕೂರುವ ಜಾಗವನ್ನು ಮುಚ್ಚುತ್ತದೆ. ಸಾಮಾನ್ಯವಾಗಿ ಅಟ್ಯಾಕ್ ಆದ ಮೇಲೆ ಒಂದು ವರ್ಷ ಎರಡನ್ನೂ ಕೊಡುತ್ತಾರೆ.

75 ಮಿಲಿಗ್ರಾಂ ಅಷ್ಟು ಚಿಕ್ಕ ಮಾತ್ರೆ ಹೇಗೆ ಸಾಲುತ್ತದೆ ಎಂದರೆ, ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವೇ ಇಲ್ಲ. ಥ್ರಾಂಬಾಕ್ಸೇನ್ ತಯಾರಿಸುವ ಕಿಣ್ವವನ್ನು ಆಸ್ಪಿರಿನ್ ಹಾಳುಮಾಡಿದರೆ, ಅದರ ಬದಲು ಹೊಸದು ಮಾಡಿಕೊಳ್ಳಲು ಅದಕ್ಕೆ ಬರುವುದಿಲ್ಲ. ಒಮ್ಮೆ ಆಸ್ಪಿರಿನ್ ತಾಗಿದರೆ ಅದರ ಆಯುಸ್ಸು ಪೂರ್ತಿ, ಅಂದರೆ ಏಳರಿಂದ ಹತ್ತು ದಿನ, ಹಾಗೇ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಕ್ರೇವನ್ ಎಂಬ ವೈದ್ಯರು ಟಾನ್ಸಿಲ್ ಆಪರೇಷನ್ ಆದವರಿಗೆ ಆಸ್ಪಿರಿನ್ ಇರುವ ಚೂಯಿಂಗ್ ಗಮ್ ಕೊಡುತ್ತಿದ್ದರು. ಜಾಸ್ತಿ ಅಗಿದವರಿಗೆ ರಕ್ತ ಜಾಸ್ತಿ ಹೋಗುವುದನ್ನು ಕಂಡು, ಇದು ಹೃದಯಕ್ಕೆ ಉಪಯೋಗವಾದೀತು ಎಂದು 1950ರ ಹೊತ್ತಿಗೇ ಬರೆದರು. ಯಾರೂ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಅದು ಹೇಗೆ ಕೆಲಸ ಮಾಡುತ್ತದೆಂದು ಜಾನ್ ವೇನ್ 1971ರಲ್ಲಿ ತೋರಿಸಿದರು, 1982ರಲ್ಲಿ ನೊಬೆಲ್ ಬಂತು.

ಹಲ್ಲಿನ ವಿಚಾರ. ಒಂದು ಹಲ್ಲನ್ನು ಸಾಮಾನ್ಯವಾಗಿ ಮಾತ್ರೆ ನಿಲ್ಲಿಸದೆಯೇ ಕೀಳಬಹುದು. ಹತ್ತಿ ಒತ್ತಿ ಹಿಡಿದು, ಬೇಕಾದರೆ ಹೊಲಿಗೆ ಹಾಕಿ ರಕ್ತ ನಿಲ್ಲಿಸುತ್ತಾರೆ. ಹಲ್ಲಿನ ಡಾಕ್ಟರಿಗೆ ಎರಡೂ ಮಾತ್ರೆಯ ಹೆಸರು ಹೇಳಿ, ನಿಮ್ಮ ಹೃದಯದ ಡಾಕ್ಟರನ್ನೂ ಕೇಳಿ. ಪಕ್ಕದ ಮನೆಯವರನ್ನು ಕೇಳಬೇಡಿ. ನಮ್ಮ ಭಾವ ಒಬ್ಬರು ಸ್ಟೆಂಟ್ ಹಾಕಿಸಿದ ಮೂರನೇ ತಿಂಗಳು ಯಾರದೋ ಮಾತು ಕೇಳಿ ಎರಡನ್ನೂ ಬಿಟ್ಟರು. ಒಂಬತ್ತನೇ ದಿನ ಐಸಿಯುನಲ್ಲಿದ್ದರು.

ಇನ್ನು ನಿಮ್ಮ ಮನೆಯವರು. ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ 19,000ಕ್ಕೂ ಜಾಸ್ತಿ ಆರೋಗ್ಯವಂತ ಹಿರಿಯರ ಮೇಲೆ ಇದನ್ನೇ ಪರೀಕ್ಷಿಸಿದರು. ಹೆಚ್ಚಿನವರು 70 ದಾಟಿದವರು. 2018ರಲ್ಲಿ ಫಲಿತಾಂಶ ಬಂತು. ಹೃದಯಕ್ಕೆ ಹೇಳಿಕೊಳ್ಳುವಂಥ ಲಾಭ ಇಲ್ಲ, ದೊಡ್ಡ ರಕ್ತಸ್ರಾವ ಮಾತ್ರ ಜಾಸ್ತಿ. ಹಾಗಾಗಿ ದಿನಾ ಬೇಡ. ಆದರೆ ಎದೆನೋವು ಬಂದು, ಬೆವರು ಕಿತ್ತು, ಅಟ್ಯಾಕೇ ಅನ್ನಿಸಿದ ಹೊತ್ತಿನ ಲೆಕ್ಕ ಬೇರೆ. 1988ರಲ್ಲಿ ಪ್ರಕಟವಾದ, 17,187 ರೋಗಿಗಳ ಅಧ್ಯಯನದಲ್ಲಿ ದಿನಕ್ಕೆ ಬರೀ 162.5 ಮಿಲಿಗ್ರಾಂ ಆಸ್ಪಿರಿನ್ ಮೊದಲ ಐದು ವಾರದ ಸಾವನ್ನು ಹೆಚ್ಚುಕಮ್ಮಿ ಕಾಲು ಭಾಗ ಇಳಿಸಿತು. ಆಗ 108ಕ್ಕೆ ಫೋನ್ ಮಾಡಿ. ಆಸ್ಪಿರಿನ್ ಅಲರ್ಜಿ, ಹೊಟ್ಟೆಯಲ್ಲಿ ರಕ್ತಸ್ರಾವ ಇಲ್ಲದವರಾದರೆ ಅವರು ಹೇಳಿದಂತೆ 300 ಮಿಲಿಗ್ರಾಂನಷ್ಟು ಅಗಿದು ನುಂಗಿ. ನುಂಗಿದರೆ ಸಾಲದು, ಅಗಿಯಬೇಕು. ಬೇಗ ರಕ್ತಕ್ಕೆ ಸೇರಲಿ ಅಂತ.

ಪ್ರಶ್ನೆ: ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಎಸಳು ಬೆಳ್ಳುಳ್ಳಿ ತಿಂದರೆ ಇಕೋಸ್ಪ್ರಿನ್ ಬೇಡವಂತೆ, ಹೌದೇ? (ಓದುಗರು, ಹುಬ್ಬಳ್ಳಿ)

ಉತ್ತರ: ಬೆಳ್ಳುಳ್ಳಿ ಪ್ಲೇಟ್‌ಲೆಟ್ ಅಂಟುವುದನ್ನು ತುಸು ಕಮ್ಮಿ ಮಾಡುವುದುಂಟು. ಆದರೆ ಎಷ್ಟು ಎಸಳಿಗೆ ಎಷ್ಟು ಎಂದು ಯಾರೂ ಅಳತೆ ಕೊಟ್ಟಿಲ್ಲ. ಒಗ್ಗರಣೆಗೆ ಧಾರಾಳ ಹಾಕಿಕೊಳ್ಳಿ, ಮಾತ್ರೆ ಬಿಡಬೇಡಿ. ಬೆಳ್ಳುಳ್ಳಿ ತಿಂದು ಆಮೇಲೆ ಸಿಗರೇಟು ಹಚ್ಚುವವರೂ ಇದ್ದಾರೆ ನಿಮ್ಮೂರಿನಲ್ಲಿ, ನನಗೆ ಗೊತ್ತು. ಪ್ಲೇಟ್‌ಲೆಟ್ ಎಬ್ಬಿಸುವುದರಲ್ಲಿ ಸಿಗರೇಟು ಬಲು ಚುರುಕು. ಬೆಳಿಗ್ಗೆ ಹಾಸಿಗೆಯಿಂದ ಎದ್ದ ಮೇಲೆ ಪ್ಲೇಟ್‌ಲೆಟ್ ಮೊದಲೇ ಸ್ವಲ್ಪ ಜಾಸ್ತಿ ಅಂಟಂಟು, ಹಾರ್ಟ್ ಅಟ್ಯಾಕುಗಳೂ ಆ ಹೊತ್ತಿನಲ್ಲಿ ಜಾಸ್ತಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಗೆಳೆಯನ ಅಪ್ಪನಿಗೆ ಬ್ಲಡ್ ಕ್ಯಾನ್ಸರ್, ಪ್ಲೇಟ್‌ಲೆಟ್ ಕೊಡಲು ಕರೆದಿದ್ದಾರೆ. ಭಯ ಆಗ್ತಿದೆ. ನನ್ನದು ಕಮ್ಮಿಯಾಗಲ್ವಾ? (ಮಂಗಳೂರು)

ಉತ್ತರ: ಹೋಗಿ ಕೊಡಪ್ಪಾ. ಕೀಮೋ ತಗೊಳ್ಳುವವರಿಗೆ ಪ್ಲೇಟ್‌ಲೆಟ್ ನಿಜಕ್ಕೂ ಬೇಕು. ಅವರದು ಡೆಂಗಿಯ ಹಾಗೆ ತಾನಾಗಿ ಬೇಗ ಏರುವುದಿಲ್ಲ. ಮೊದಲು ನಿನ್ನ ಕೌಂಟ್ ನೋಡುತ್ತಾರೆ, 1.5 ಲಕ್ಷಕ್ಕಿಂತ ಜಾಸ್ತಿ ಇರಬೇಕು. ಹಿಂದಿನ ಮೂರು ದಿನದಲ್ಲಿ ಆಸ್ಪಿರಿನ್ ತಗೊಂಡಿರಬಾರದು. ಯಾಕೆಂದು ಮೇಲೆ ಓದಿದ್ದೀಯಲ್ಲ. ಒಂದು, ಒಂದೂವರೆ ಗಂಟೆ ಕುರ್ಚಿಯಲ್ಲಿ ಒರಗಿರಬೇಕು. ಮಷೀನ್ ನಿನ್ನ ರಕ್ತದಿಂದ ಪ್ಲೇಟ್‌ಲೆಟ್ ಮಾತ್ರ ತೆಗೆದುಕೊಂಡು ಉಳಿದದ್ದನ್ನು ವಾಪಸ್ ಕೊಡುತ್ತದೆ. ನಡುವೆ ತುಟಿಯ ಸುತ್ತ ಜುಮ್ಮೆಂದರೆ ಹೇಳು. ಸಿಟ್ರೇಟಿನಿಂದ ಆಗುವುದು ಅದು, ಕ್ಯಾಲ್ಸಿಯಂ ಕೊಟ್ಟರೆ ಹೋಗುತ್ತದೆ. ನಿನ್ನ ಕೌಂಟ್ ಸ್ವಲ್ಪ ಇಳಿದು ಕೆಲವೇ ದಿನದಲ್ಲಿ ಮೊದಲಿನಂತಾಗುತ್ತದೆ.

ಮುಗಿದ ಮೇಲೆ ಎಳನೀರು ಕುಡಿದು ಓಡಿಬಿಡಬೇಡ. ಟೆಕ್ನಿಶಿಯನ್ನಿಗೆ ‘ಚೀಲ ಒಮ್ಮೆ ತೋರಿಸಿ’ ಅನ್ನು. ಪ್ಲೇಟ್‌ಲೆಟ್ ಚೀಲವನ್ನು ಫ್ರಿಜ್ಜಿನಲ್ಲಿ ಇಡುವುದಿಲ್ಲ. ತಣ್ಣಗಾದರೆ ಅವು ಎಚ್ಚರವಾಗಿಬಿಡುತ್ತವೆ. 20ರಿಂದ 24 ಡಿಗ್ರಿಯಲ್ಲಿ, ತೊಟ್ಟಿಲ ಹಾಗೆ ತೂಗುವ ತಟ್ಟೆಯ ಮೇಲೆ ಮಲಗಿಸಿ ಐದು ದಿನ ಕಾಯುತ್ತಾರೆ. ಕೊಡುವ ಮುಂಚೆ ಚೀಲವನ್ನು ಟ್ಯೂಬ್‌ಲೈಟಿಗೆ ಹಿಡಿದು ಮೆಲ್ಲಗೆ ಓಲಾಡಿಸುತ್ತಾರೆ. ಪ್ಲೇಟ್‌ಲೆಟ್ ಇನ್ನೂ ತಟ್ಟೆಯಾಗಿಯೇ ಇದ್ದರೆ, ಆ ಹಳದಿ ನೀರಿನೊಳಗೆ ರೇಷ್ಮೆ ಸೆರಗು ಮಗುಚಿದ ಹಾಗೆ ಹೊಳಪು ಸುಳಿಯುತ್ತದೆ. ಎದ್ದು ಉಂಡೆಯಾಗಿದ್ದರೆ ಎಷ್ಟು ಅಲುಗಿಸಿದರೂ ಮಂಕೇ. ನಿನ್ನದು ಹೊಳೆಯಿತಾ ಅಂತ ಬರೆ.